ಒರೆಗೆ ಸಿಗದ ಹವಳ

ಬೆಳಗಿನ ಮಕ್ಕಳನ್ನು ಶಾಲೆಯ ಬಾಗಿಲಿಗೆ ಸುರಿದು
ಮಧ್ಯಾಹ್ನ ಮತ್ತೆ ತುಂಬಿಕೊಳ್ಳುವ ತನಕ
ಬಸ್ಸಿಗೂ ನನಗೂ ಬಿಡುವು.
ಗೀವ್ಸ್‌ಟನ್ ದಾಟಿ, ಸೇಬಿನ ತೋಟ ಮುಗಿದಲ್ಲಿ
ಕಾಡಿನಂಚಿಗೆ ನಿಲ್ಲಿಸಿ ಡಬ್ಬಿ ಬಿಚ್ಚುತ್ತೇನೆ.

ಟಾಸ್ಮೇನಿಯಾದ ಮೇ ತಿಂಗಳು.
ಈ ಮರಗಳು ಉದುರಿಸುವುದು ಎಲೆಯಲ್ಲ, ತೊಗಟೆ.
ಆ ಸೀಳು ತೊಗಟೆಗಳ ನಡುವೆ
ಸಮುದ್ರ ಮರೆತು ಬಿಟ್ಟುಹೋದ ಹಾಗೆ
ಒಂದು ಹವಳ.

ಅಂಗೈಯಷ್ಟು. ಬುಡ ಬಿಳಿ, ದಪ್ಪ.
ಮೇಲೆ ಕವಲು, ಕವಲಿಗೆ ಕವಲು,
ಸೀಗಡಿಯ ಬಣ್ಣ (ಇಲ್ಲಿಗೆ ಬಂದ ಮೇಲೆ ಕಲಿತ ಬಣ್ಣ),
ತುದಿಯನ್ನು ಮಾತ್ರ ಯಾರೋ ಅರಿಸಿನದಲ್ಲಿ ಅದ್ದಿ ತೆಗೆದಂತೆ.

ನಾನು ಮುಧೋಳದ ಪತ್ತಾರರ ಮಗ.
ನಮ್ಮ ಎರೆನೆಲದಲ್ಲಿ ಅಣಬೆಗೆಲ್ಲ ಒಂದೇ ಹೆಸರು, ನಾಯಿಕೊಡೆ;
ಕಾಲಲ್ಲಿ ಒದೆಯುವುದೊಂದೇ ಬಳಕೆ.
ಆದರೆ ಹವಳ ಗೊತ್ತು.
ಅಪ್ಪ ನಿಂಬೆಯ ಹನಿ ಬಿಟ್ಟು ನೋಡುತ್ತಿದ್ದ:
‘ಖರೇ ಹವಳಿದ್ರ ನೊರಿ ಏಳತದ,
ಗಾಜಿಂದಾದ್ರ ಸುಮ್ಮ ಕುಂದರತದ.’
ಡಬ್ಬಿಯಲ್ಲಿ ಚಿತ್ರಾನ್ನವಿತ್ತು.
ನಾಲ್ಕು ಅಗುಳು ಹಿಂಡಿ ನೋಡಿದೆ ಎಂದರೆ ನಗಬೇಡಿ.
ಸುಮ್ಮ ಕುಂತಿತ್ತು.

ಬುಡಸಮೇತ ಎಬ್ಬಿಸಿ, ಡಬ್ಬಿಯ ಮುಚ್ಚಳದಲ್ಲಿಟ್ಟು
ಸಂಜೆ ಬೇಲಿಯಾಚೆಯ ಹಲೀನಾಗೆ ಕೊಟ್ಟೆ.

ಎಂಬತ್ತೇಳು ವರ್ಷ.
ಪೋಲೆಂಡಿನ ಕಾಡಿನಲ್ಲಿ ಬುಟ್ಟಿ ಹಿಡಿದೇ ಬೆಳೆದವಳು.
ಈಗ ಕಣ್ಣ ನಡುವೆ ಒಂದು ಮಬ್ಬು ನಾಣ್ಯ,
ಅದರಂಚಿನಾಚೆ ಮಾತ್ರ ಲೋಕ.
ಬಣ್ಣ ಹೇಳು ಅಂದಳು. ಹೇಳಿದೆ.
‘ಸೀಗಡಿ ಅಂದರೆ ಹಸಿಯದೋ ಬೆಂದದ್ದೋ?’
ಬೆಂದದ್ದು.
‘ತುದಿಯದು ಬೇರೆ ಬಣ್ಣವೋ, ಅದೇ ಬಣ್ಣ ಮಾಸಿದ್ದೋ?’
ನೋಡಿಯಾಗಿದೆ ಎಂದುಕೊಂಡಿದ್ದನ್ನು
ಆಗ ಮೊದಲ ಸಲ ನೋಡಿದೆ.
ಬೇರೆಯದೇ. ಹಳದಿ.
ಹೂಂ ಎಂದಳು, ಹಿಡಿಸದ ದನಿಯಲ್ಲಿ.
ಒಂದು ಕವಲು ಚಿವುಟಿ ಮೂಗಿಗೆ ಹಿಡಿದಳು,
ನಾಲಿಗೆಗಲ್ಲ.
ಚಿವುಟಿದಲ್ಲಿ ಕಂದುತ್ತದೆಯೇ ನೋಡು ಎಂದಳು.
ಕೆಟಲ್ ಕುದಿಯುವಷ್ಟರಲ್ಲಿ ಕಂದಿತು,
ಮಂಡಿಯ ಗಾಯ ಒಣಗಿದ ಹಾಗೆ.

ರಾತ್ರಿ ಕರೆಂಟು ಬಿಲ್ಲಿನ ಬೆನ್ನ ಮೇಲೆ ಅದನ್ನು ಮಲಗಿಸಿ
ಗಾಜಿನ ಬಟ್ಟಲು ಬೋರಲು ಹಾಕಿದೆವು.
ಬೆಳಿಗ್ಗೆ ಎತ್ತಿದರೆ ಕಾಗದದ ಮೇಲೆ ಕಾವಿಹಳದಿ ಧೂಳು,
ಕವಲು ಕವಲಾಗಿ,
ಇಲ್ಲದ ಮರವೊಂದರ ನೆರಳು.

ಪುಸ್ತಕ ನಾನು ಓದಿದೆ, ಅವಳು ಕೇಳಿದಳು.
ಅವಳೂರ ಕಡೆ ಇದರ ದಾಯಾದಿಗಳು ಇಬ್ಬರು:
ಒಬ್ಬನ ತುದಿ ನೇರಳೆಗೆಂಪು, ಬೆಣ್ಣೆಯಲ್ಲಿ ಹುರಿದು ತಿನ್ನುತ್ತಾರೆ;
ಇನ್ನೊಬ್ಬನದು ಹಳದಿ,
ತಿಂದವರನ್ನು ರಾತ್ರಿಯಿಡೀ ಬಚ್ಚಲಲ್ಲಿ ಕೂರಿಸುತ್ತಾನೆ.
ಇಲ್ಲಿನ ಪುಸ್ತಕ ತೆಳ್ಳಗಿತ್ತು.
ಹೋಲುವ ಚಿತ್ರ ಒಂದೇ ಒಂದು. ಅದರಡಿ:
ಹೆಸರಿನ್ನೂ ಇಟ್ಟಿಲ್ಲ. ತಿನ್ನಬಹುದೇ, ಗೊತ್ತಿಲ್ಲ.

ಗೊತ್ತಿಲ್ಲ ಅಂದರೆ?
ಎರಡೇ ತಟ್ಟೆಯ ತಕ್ಕಡಿ ಕಂಡು ಬೆಳೆದವನು ನಾನು.
ಬೆಳ್ಳಿ ಚಮಚ ಹಾಕಿ ಕುದಿಸಿದರೆ, ವಿಷವಿದ್ದರೆ ಕಪ್ಪಾಗಿ,
ಎಂದು ಶುರುಮಾಡಿದೆ.
‘ನಮ್ಮ ಚಿಕ್ಕಪ್ಪ ಯೂಜೆಫ್ ಹಾಗೇ ಕುದಿಸಿದ’ ಎಂದಳು.
‘ಚಮಚ ಕೊನೆತನಕ ಹೊಳೆಯುತ್ತಿತ್ತು.
ಈಗಲೂ ಇದೆ, ತಂಗಿಯ ಮನೆಯ ಸಕ್ಕರೆ ಡಬ್ಬಿಯಲ್ಲಿ.’

ಹವಳವನ್ನು ಬೇಲಿಯ ಬುಡಕ್ಕೆ ಎಸೆದೆ.
ರಾತ್ರಿ ಪ್ಯಾಡಿಮೆಲನ್ ಬಂದು ತಿಂದುಹೋಗಿತ್ತು.
ಮರುರಾತ್ರಿಯೂ ಬಂತು, ಇನ್ನೂ ಇದೆಯೇ ಎಂದು ಮೂಸುತ್ತ.
ನೋಡಿ, ಬದುಕಿದೆ! ಎಂದೆ.
‘ಅದರ ಹೊಟ್ಟೆ ಅದರದು’ ಎಂದು ಹಲೀನಾ
ಬಾಣಲೆಯ ಅಂಚನ್ನು ಬೆರಳಲ್ಲಿ ಹುಡುಕಿ
ಮೊಟ್ಟೆ ಒಡೆದಳು, ಇಬ್ಬರಿಗೂ.

ಬಿಲ್ಲು ಇನ್ನೂ ಕಟ್ಟಿಲ್ಲ.
ಧೂಳು ಉದುರದಂತೆ ಅವಳ ಹೇರ್‌ಸ್ಪ್ರೇ ಹೊಡೆದು
ಬಸ್ಸಿನ ಕನ್ನಡಿಯ ಪಕ್ಕ ಸಿಕ್ಕಿಸಿದ್ದೇನೆ.
ಅದೇನು, ಮರವಾ? ಎನ್ನುತ್ತಾರೆ ಹತ್ತುವ ಮಕ್ಕಳು.
ಮಿಂಚು, ಎನ್ನುತ್ತಾಳೆ ಹಿಂದಿನ ಸೀಟಿನ ಟೆಸ್ಸಾ.
ಗೊತ್ತಿಲ್ಲ ಎಂದು ಗೇರು ಹಾಕುತ್ತೇನೆ.
ತಿರುವಿನಲ್ಲಿ ಹಾಗೇ ಬಾಯಿಗೆ ಬರುತ್ತದೆ:
ಬೆಂದ ಸೀಗಡಿಯ ಬಣ್ಣವಿತ್ತು.
ತುದಿ ಹಳದಿ.