ಅದು ಪಾತ್ರದ್ದು

ನಾಲ್ಕು ದಿನದ ತರಬೇತಿ, ಹನ್ನೊಂದು ಮಂದಿ ದಾದಿಯರು,
ಆಸ್ಪತ್ರೆಯ ಹಿಂಬದಿ ಕೋಣೆ.
ಒಲೆಗೆ ಒಣಸೆಗಣಿ ಹಾಕುವ ಸರದಿ ನನ್ನದು.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ;
ಹಿಮಗಟ್ಟಿದ ಕಿಟಕಿಯ ಮೇಲೆ ಯಾರೋ ಉಗುರಲ್ಲಿ ಗೀರಿದ್ದರು
ಒಂದು ಹೃದಯ.
ಪಾಠದ್ದಲ್ಲ, ಪ್ರೇಮಿಗಳದ್ದು.

ಉಲಾನ್‌ಬಾತರಿನಿಂದ ಬಂದ ಯಾಂಜ್ಮಾ ಹೇಳಿದಳು:
"ಬೇಡ ಎಂಬ ಮಾತನ್ನು ಕೋಟಿನ ಜೊತೆ
ಅಲ್ಲೇ ಗೂಟಕ್ಕೆ ಸಿಕ್ಕಿಸಿ ಬನ್ನಿ.
ಕೇಳಿ. ಮತ್ತೂ ಕೇಳಿ.
ಅವರು ಸುಮ್ಮನಾದರೆ ನೀವೂ ಸುಮ್ಮನಿರಿ,
ನೀರು ಕಾಯುವಷ್ಟು ಹೊತ್ತು."
ಬರೆದುಕೊಂಡೆವು: ಸುಮ್ಮನಿರಿ.
ಕೆಳಗೆ ಗೆರೆ ಎಳೆದೆವು.

ಒಬ್ಬಳು ದಾದಿ, ಒಬ್ಬಳು ರೋಗಿ, ಹೀಗೆ ಜೋಡಿ.
ನನ್ನ ಪಾಲಿಗೆ ಗುಂಡೆಗ್ಮಾ,
ಇಪ್ಪತ್ತೆಂಟು ವರ್ಷ ಮೋಟಾರ್‌ಸೈಕಲ್ಲಿಗೆ
ಔಷಧಿಪೆಟ್ಟಿಗೆ ಕಟ್ಟಿಕೊಂಡು ಬೆಟ್ಟ ಸುತ್ತಿದವಳು.
ಕುರ್ಚಿಯಲ್ಲಿ ಕೂತದ್ದೇ ಕಾಲಗಲಿಸಿ,
ಇಲ್ಲದ ಮೀಸೆ ತಿರುವಿ,
ಇಲ್ಲದ ನಶ್ಯದ ಶೀಶೆ ನನ್ನ ಕೈಗಿತ್ತು,
ಅರವತ್ತರ ಕುರಿಗಾಹಿಯಾಗಿಬಿಟ್ಟಳು.
ಕೋಣೆಯೆಲ್ಲ ನಗೆ.

ನಾನು ಒಪ್ಪಿಸಿದೆ: ಉಪ್ಪು ದಿನಕ್ಕೊಂದೇ ಪುಟ್ಟ ಚಮಚ,
ಕುರಿಬಾಲದ ಕೊಬ್ಬು ಕಡಿಮೆ, ತಂಬಾಕು…
"ಮಗಳೇ," ಅಂದಳು ಗಂಡುದನಿಯಲ್ಲಿ,
"ಬಾಗಿಲಿಗೆ ಬಂದವರು ಮೊದಲು ಕೇಳುವುದೇನು?
ಕುರಿ ಕೊಬ್ಬಿವೆಯಾ? ಕುದುರೆ ಕೊಬ್ಬಿವೆಯಾ?
ಕೊಬ್ಬಿವೆ ಅಂದರೆ ಕ್ಷೇಮ.
ಈಗ ಕೊಬ್ಬು ಕೆಟ್ಟದ್ದು ಅನ್ನುತ್ತೀ.
ನಾಳೆಯಿಂದ ಒಬ್ಬರನ್ನೊಬ್ಬರು ಹೇಗೆ ಮಾತಾಡಿಸೋಣ?"

ನನ್ನ ಪುಸ್ತಕದಲ್ಲಿ ಅದಕ್ಕೆ ಪುಟವಿರಲಿಲ್ಲ.

ಮಾತು ತೋಚದೆ ಅವಳ ತೋಳಿಗೆ ಪಟ್ಟಿ ಸುತ್ತಿದೆ,
ಅದೂ ಅಭ್ಯಾಸವೇ ತಾನೆ.
ರಬ್ಬರ್ ಚೆಂಡು ಒತ್ತಿದೆ, ಮೆಲ್ಲಗೆ ಬಿಟ್ಟೆ,
ಕಿವಿಯೊಳಗೆ ದೂರದಿಂದ ಗೊರಸಿನ ಸದ್ದು,
ಬೇಗ ಬಂತು, ತೀರಾ ಬೇಗ.
ನೂರ ಎಪ್ಪತ್ತೆಂಟು.
ಇನ್ನೊಮ್ಮೆ. ನೂರ ಎಪ್ಪತ್ತೆಂಟು.
ಯಾಂಜ್ಮಾ ಬಂದು ತಾನೂ ನೋಡಿದಳು.
ನಗು ಎಲ್ಲೆಲ್ಲಿತ್ತೋ ಅಲ್ಲಲ್ಲೇ ಕೂತಿತು.
ಗುಂಡೆಗ್ಮಾ ತೋಳಿನ ಅರಿವೆ ಇಳಿಸಿಕೊಂಡಳು,
ಇನ್ನೂ ಅದೇ ಗಂಡುದನಿಯಲ್ಲಿ:
"ಅದು ನನ್ನದಲ್ಲ. ಪಾತ್ರದ್ದು."

ಎಷ್ಟು ತೋಳು ಹಿಡಿದಿದ್ದಳೋ ಆ ಬೆಟ್ಟಗಳಲ್ಲಿ!
ಅವಳ ತೋಳು ಹಿಡಿಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮೂರನೇ ದಿನ ಜಿಗ್ಜಿದನ ಉಣ್ಣೆಗುಡಾರಕ್ಕೆ ಹೋದೆವು.
ಕುರಿ ಕೊಬ್ಬಿವೆಯಾ ಎಂದು ಕೇಳಿಯೇ ಒಳಹೊಕ್ಕೆವು.
ಖಾಂದ್ ಚಹಾ ಕೊಟ್ಟಳು, ಹಾಲಿನದು, ಉಪ್ಪಿನದು.
ಗುಂಡೆಗ್ಮಾ ಬಟ್ಟಲು ಬರಿದಾಗುವವರೆಗೆ ಕುಡಿದಳು.
ಆಮೇಲೆ, "ಕಡಾಯಿಗೆ ಎಷ್ಟು ಹಾಕ್ತೀಯ ಉಪ್ಪು?"
"ಅಳೆದವರಾರು? ಕೈಗೆ ಗೊತ್ತು."
"ನನ್ನ ಕೈಗೂ."
ಇಬ್ಬರೂ ಒಂದೊಂದು ಹಿಡಿ ತಟ್ಟೆಗೆ ಸುರಿದರು.
ನಾನು ಚಮಚದಲ್ಲಿ ಎಣಿಸಿದೆ:
ಖಾಂದಳದು ಆರು,
ಗುಂಡೆಗ್ಮಾಳದು ಏಳೂವರೆ.

ಯಾರೂ ಏನೂ ಅನ್ನಲಿಲ್ಲ,
ನೀರು ಕಾಯುವಷ್ಟು ಹೊತ್ತು.

ಮೂಲೆಯಲ್ಲಿ ಕಡಿವಾಣ ಹೊಲಿಯುತ್ತಿದ್ದ ಜಿಗ್ಜಿದ್
ತಲೆಯೆತ್ತದೆಯೇ ಅಂದ:
"ಒಂದು ಚಮಚ ಕಮ್ಮಿ ಹಾಕು. ಯಾವತ್ತು ಅಂತ ಹೇಳಬೇಡ.
ನನ್ನ ನಾಲಿಗೆ ಕಂಡುಹಿಡಿಯುತ್ತಾ ನೋಡೋಣ."

ಅರ್ಜಿಯಲ್ಲಿ 'ಕೊಟ್ಟ ಸಲಹೆ' ಎಂದೊಂದು ಖಾಲಿ ಸಾಲು.
ಕೊಟ್ಟವರಾರು? ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು,
ಉಸಿರೂದಿ ಕರಗಿಸಿದೆ. ಬರೆದೆ:
ಚಹಾ ಕುಡಿದೆವು.

ಈಗ ಬೇಸಿಗೆ. ಮರಿಗಳಿಗೆ ಹಲ್ಲು ಬಂದಿದೆ.
ಬೆಳಗ್ಗೆ ಗುಂಡೆಗ್ಮಾ ಬಿಳಿ ಮಾತ್ರೆ ನುಂಗುತ್ತಾಳೆ,
"ಪಾತ್ರಕ್ಕೆ" ಅನ್ನುತ್ತಾಳೆ, ನಾನು ಕೇಳದಿದ್ದರೂ.
ತಿಂಗಳಿಗೊಮ್ಮೆ ತೋಳು ಚಾಚಿ, ಮುಖ ಆಚೆ ತಿರುಗಿಸಿ,
"ಹೇಗಿದ್ದಾನೆ ನಿನ್ನ ಕುರಿಗಾಹಿ?"
"ನೂರ ನಲವತ್ತೆರಡು."
"ಪಾಪ," ಅನ್ನುತ್ತಾಳೆ, ಪಟ್ಟಿ ಬಿಚ್ಚಿಕೊಳ್ಳುತ್ತ,
"ಇಳಿದುಹೋಗಿದ್ದಾನೆ."