ಉಕ್ಕಡ

ಹನ್ನೊಂದು ನಿಯಮ ಆಗಲೇ ಬರೆದಿಟ್ಟಿದ್ದೆ.
ಕರೆತಂದು ಮಾತಾಡಿಸದೆ ಬಿಟ್ಟ ಹೆಸರು,
ತೆರೆದು ಮುಚ್ಚದ ಆವರಣ,
ಒಂದೇ ಸಾಲಿಗೆ ತುರುಕಿದ ಮೂರು ಷರತ್ತು,
ಎಲ್ಲವನ್ನೂ ಹಿಡಿಯುತ್ತಿತ್ತು.
ಆದರೆ ನಡೆಸಬೇಕೆಂದರೆ ನಾನೇ ಬರಬೇಕು.
ಫೈಲು ತೆರೆದು, ತಳದ ಸಾಲಿನಲ್ಲಿ ವಿಳಾಸ ತಿದ್ದಿ,
ಉಸಿರು ಹಿಡಿದು ಒತ್ತಬೇಕು.
ಗೋಡೆ, ಮಾಡು, ಒಲೆ, ಎಲ್ಲ ಇದ್ದೂ
ಬಾಗಿಲಿಡಲು ಮರೆತ ಮನೆ.
ಕಟ್ಟಿದವಳೊಬ್ಬಳೇ ಹೆಂಚು ಸರಿಸಿ ಇಳಿಯುತ್ತಿದ್ದಳು.

"ಮೇಡಂ, ನೀವು ರಜೆ ಹಾಕಿದ ದಿನ
ನಮ್ಮ ತಪ್ಪು ಯಾರು ಹೇಳ್ತಾರೆ?"
ಸಫ್ರೀನಾ ಕೇಳಿದ್ದು ಮಂಗಳವಾರ.
ಬುಧವಾರ ಸಂಜೆ, ವಿರಾಜಪೇಟೆಯ ಸಂತೆ ಕರಗಿ
ಗಡಿಯಾರ ಕಂಬದ ಬುಡದಲ್ಲಿ
ಕೊತ್ತಂಬರಿ ಕಡ್ಡಿ, ಒಣಮೀನಿನ ವಾಸನೆ ಮಾತ್ರ ಉಳಿದ ಹೊತ್ತಿಗೆ
ಲ್ಯಾಬಿನ ಬೀಗ ನಾನೇ ಇಸಿದುಕೊಂಡೆ.

ಮೊದಲು ಹೆಸರು ಬೇಕು.
ಕಪ್ಪು ಪರದೆಯಲ್ಲಿ ಯಾರು ಕೂಗಿದರೂ
ಓ ಎನ್ನುವಂಥದ್ದು.
ತಪಾಸಣೆ ಎಂದರೆ ಪೊಲೀಸು ವಾಸನೆ.
ಜರಡಿ ಚೆಂದ, ಆದರೆ ಜರಡಿ ಪ್ರಶ್ನೆ ಕೇಳುವುದಿಲ್ಲ.
ಉಕ್ಕಡ ಎಂದಿಟ್ಟೆ.
ರಾಜರ ಕಾಲಕ್ಕೆ ಘಟ್ಟದ ಹಾದಿಗಳಲ್ಲಿ ಇದ್ದವಂತೆ;
ನಾನು ಕಂಡದ್ದು ಪೆರುಂಬಾಡಿ ಗೇಟು ಒಂದೇ.

ಶನಿವಾರಗಳಲ್ಲಿ ಇರಿಟ್ಟಿಗೆ ಪಾಠ ಹೇಳಲು ಹೋಗುತ್ತಿದ್ದಾಗ
ಬಸ್ಸಿನ ಮುಂದೆ ಮರದ ಲಾರಿಗಳ ಸಾಲು.
ಬೆಳ್ಯಪ್ಪ ಮಫ್ಲರು ಸುತ್ತಿಕೊಂಡು ಇಳಿದು ಬರುವರು.
ಎಲ್ಲಿಂದ? ಎಲ್ಲಿಗೆ? ಹಿಂದೆ ಏನುಂಟು?
ಮೂರೇ ಮಾತು.
ಬೀಟೆಯೋ ಸಿಲ್ವರೋ ಎಂದು ಅವರು ನೋಡುತ್ತಿರಲಿಲ್ಲ,
ಅದಕ್ಕೆ ಒಳಗೆ ಫಾರೆಸ್ಟರು ಕೂತಿದ್ದರು.
ಇವರದು ಕೇಳುವುದು, ಒಳಗೆ ದಾಟಿಸುವುದು,
ಹೊರಬಂದ ಉತ್ತರಕ್ಕೆ ತಕ್ಕಂತೆ
ಅಡ್ಡಗಂಬ ಎತ್ತುವುದು, ಎತ್ತದಿರುವುದು,
ಆಮೇಲೆ ಪುಸ್ತಕದಲ್ಲಿ ಗಂಟೆ ಬರೆಯುವುದು.

ಬಾಗಿಲಿಗೆ ಬುದ್ಧಿ ಬೇಡ, ನಾಲಿಗೆ ಬೇಕು.
ಇಷ್ಟು ತಿಳಿಯಲು ಎರಡು ಲೋಟ ಕಾಫಿ ಹಿಡಿಯಿತು.
ನಾನೋ ಬಾಗಿಲಲ್ಲೇ ಹನ್ನೆರಡನೇ ನಿಯಮ ಹೊಲಿಯುತ್ತಿದ್ದೆ.
ಬಿಚ್ಚಿದೆ. ಉಳಿದದ್ದು ಒಂಬತ್ತು ಸಾಲು:
ಬಂದ ಪದಗಳನ್ನು ತಗೋ, ಒಳಗೆ ಕೊಡು,
ಬಂದ ಅಂಕಿಯನ್ನು ಹಿಂದಿರುಗಿಸು.

ಗುರುವಾರ ಸಫ್ರೀನಾ
ಉಕ್ಕಡ ಎಂದು ಟೈಪಿಸಿ, ಮುಂದೆ ಏನೂ ಹೇಳದೆ,
ಎಂಟರ್ ಒತ್ತಿಬಿಟ್ಟಳು.
ಇಪ್ಪತ್ತು ಸಾಲು ಕೆಂಪು ವಾಂತಿ.
ನನ್ನ ಫೋಲ್ಡರುಗಳ ಹೆಸರೆಲ್ಲ ಬೀದಿಗೆ ಬಿತ್ತು,
'ಕೊನೇ ಪ್ರಯತ್ನ ಎರಡು' ಕೂಡ.
ಮನೆಗೆ ಬಂದವಳಿಗೆ ಕೂರು ಎನ್ನುವ ಮೊದಲೇ
ಅಟ್ಟದ ಧೂಳು ತಲೆಗೆ ಸುರಿದಂತೆ.
ಆ ರಾತ್ರಿ ಒಂದೇ ವಾಕ್ಯ ಬರೆದೆ,
ನಾಲ್ಕು ಸಲ ಹೊಡೆದುಹಾಕಿ:
"ಯಾವ ಫೈಲು ನೋಡಲಿ, ಹೇಳಿ."

ಇನ್ನು ಸೊನ್ನೆಯ ಪುರಾಣ.
ದೂರಿಲ್ಲದಿದ್ದರೆ ಬಾಯಿ ಬಿಡದೆ ಸೊನ್ನೆ ಕೊಡಬೇಕು,
ದೂರಿದ್ದರೆ ಒಂದು.
ಒಪ್ಪಿಸಲು ಅರ್ಧ ಪೀರಿಯಡ್ಡು ಹೋಯಿತು.
"ಸೊನ್ನೆ ಬಂದರೆ ಪಾಸಾ?"
ಹಿಂದಿನ ಬೆಂಚಿನಿಂದ ದಿಲನ್ ಕುಟ್ಟಪ್ಪ ಎದ್ದುನಿಂತ.
"ಹಾಗಾದರೆ ಗಣಿತದಲ್ಲಿ ನಾನು
ಮೂರು ವರ್ಷದಿಂದ ಪಾಸು ಮೇಡಂ."
ನಗು ಇಳಿಯಲಿ ಎಂದು ಕಾದೆ.
ಲಾರಿಗೆ ಕಂಬ ಎತ್ತುವಾಗ
ಬೆಳ್ಯಪ್ಪ ಎಂದಾದರೂ ಶಭಾಸ್ ಅಂದಿದ್ದರೇ?
ತಲೆಯನ್ನೂ ಆಡಿಸುತ್ತಿರಲಿಲ್ಲ.
(ಈಗ ಅವರಿಗೆ ಬಡ್ತಿ, ಮಡಿಕೇರಿಯಲ್ಲಿ ಮೇಜು, ಫ್ಯಾನು.
ಯಾರನ್ನೂ ತಡೆಯುವಂತಿಲ್ಲ, ಬೇಜಾರು ಅಂತೆ.)

ಶನಿವಾರ ಮಧ್ಯಾಹ್ನ, ಎಲ್ಲರೂ ಹೋದ ಮೇಲೆ,
ಉಕ್ಕಡವನ್ನು ಉಕ್ಕಡದ ಮುಂದೆಯೇ ನಿಲ್ಲಿಸಿದೆ.
ಬಾಗಿಲಿನ ಫೈಲು, ಎರಡನೇ ಸಾಲು:
'ಸಮಯ' ಎಂಬುದನ್ನು ಕರೆದಿದ್ದೀರಿ,
ಎಲ್ಲೂ ಬಳಸಿಲ್ಲ.

ಹೌದಲ್ಲ. ಆ ಉದ್ದ ಪುಸ್ತಕದ ಹಾಗೆ
ಬಂದವರ ಗಂಟೆ ಬರೆದಿಡೋಣ ಎಂದುಕೊಂಡು
ಕರೆದು, ಹೊರಗೆ ನಿಲ್ಲಿಸಿ ಮರೆತಿದ್ದೆ.
ಅಳಿಸಿದರೆ ಸೊನ್ನೆ.
ಬೆರಳು ಕೀಲಿಯ ಮೇಲಿದೆ.
ಹೊರಗೆ ಇರಿಟ್ಟಿ ಬಸ್ಸಿನವ ಎರಡನೇ ಹಾರನ್ ಹಾಕಿದ.
ಸದ್ಯಕ್ಕೆ ಒಂದು.