ತಕ್ಕದ್ದು

ರೇಕ್ಯವೀಕ್‌ನ ಸಂಸತ್ತಿನ ಹಿಂಬದಿಯಲ್ಲಿ
ಕರಡಚ್ಚು ತಿದ್ದುವ ಕೋಣೆ. ಇಪ್ಪತ್ತೆರಡು ವರ್ಷದಿಂದ
ಅಲ್ಲಿ ನನಗೊಂದು ಕುರ್ಚಿ, ಒಂದು ಕೆಂಪು ಪೆನ್ಸಿಲ್ಲು.
ದೇಶಕ್ಕೆ ಏನು ಒಳ್ಳೆಯದೆಂದು ನನ್ನನ್ನು ಯಾರೂ ಕೇಳುವುದಿಲ್ಲ;
ಅಲ್ಪವಿರಾಮ ಎಲ್ಲಿ ಬರಬೇಕೆಂದು ಕೇಳುತ್ತಾರೆ.

ಆ ಮಸೂದೆ ಬಂದಾಗ ಒಂದೇ ಹಾಳೆ.
ಸಂಖ್ಯೆ ನಾನ್ನೂರ ಹನ್ನೆರಡು.
‘ಪ್ರತಿ ದೋಣಿಯಲ್ಲೂ ತಲೆಗೊಂದರಂತೆ ತೇಲುಡುಪನ್ನು
ಮೇಲಟ್ಟದಲ್ಲಿ, ಕೈಗೆಟಕುವಂತೆ, ಇಡತಕ್ಕದ್ದು.’
ಕೆಳಗೆ, ಕಾರಣಗಳ ವಿವರಣೆಯಲ್ಲಿ, ಅರ್ಧ ಸಾಲು:
‘ಕ್ರಿಯಾ’ ದೋಣಿ, ಮೂವರು, ಮಾರ್ಚ್.
ಉಡುಪುಗಳಿದ್ದವು. ಬೀಗ ಹಾಕಿದ ಪೆಟ್ಟಿಗೆಯಲ್ಲಿ.

ಮೊದಲ ವಾಚನದ ದಿನ ಅರುವತ್ತಮೂರು ಕುರ್ಚಿಗಳಲ್ಲಿ
ಹನ್ನೊಂದು ಜನ. ಒಬ್ಬಾಕೆ ಉಣ್ಣೆ ಹೆಣೆಯುತ್ತಿದ್ದರು.
ಯಾರೂ ವಿರೋಧಿಸಲಿಲ್ಲ.
ವಿರೋಧ ಸಮಿತಿಯ ಕೋಣೆಯಲ್ಲಿ
ಕಾಫಿ ಕುಡಿಯುತ್ತ ಕಾದಿರುತ್ತದೆ.

ದೋಣಿ ಮಾಲೀಕರ ಪತ್ರ ಒಂಬತ್ತು ಪುಟ:
ಅಟ್ಟದಲ್ಲಿ ಜಾಗವಿಲ್ಲ, ಉಪ್ಪುಗಾಳಿಗೆ ರಬ್ಬರು ಸೀಳುತ್ತದೆ,
ಅಲ್ಲದೆ ನಮ್ಮ ನಾವಿಕರೇನು ಮಕ್ಕಳಲ್ಲ.
ಹಾಳೆ ನನ್ನ ಮೇಜಿಗೆ ಮರಳಿದಾಗ ಎಲ್ಲ ಹಾಗೇ ಇತ್ತು,
ಕೊನೆಯ ಪದದ ಬಾಲವೊಂದು ಬಿಟ್ಟು:
‘ಇಡಬಹುದು.’

ಬಹುದು! ಎಂಥ ಮೆತ್ತನೆಯ ಮಾತು.
ಇಡಬಹುದು, ಇಡದೆಯೂ ಇರಬಹುದು,
ಗಾಳಿ ಏಳಬಹುದು, ದೋಣಿ ಮಗುಚಬಹುದು,
ಬೀಗದ ಕೈ ಯಾರದೋ ಜೇಬಿನಲ್ಲಿರಬಹುದು.
ಕಾಗುಣಿತ ಸರಿಯಿತ್ತು. ಸಹಿ ಹಾಕಿ ಕಳಿಸಿದೆ.

ಎರಡನೆಯ ವಾಚನದ ಸರದಿ ಬರುವ ಮೊದಲೇ
ಜೂನ್ ಬಂತು. ಕತ್ತಲಾಗದ ರಾತ್ರಿಗಳಲ್ಲಿ
ಬೇರೇನಕ್ಕೋ ಜಗಳವಾಡಿ ಅಧಿವೇಶನ ಮುಗಿಯಿತು.
ಮುಗಿದರೆ, ಒಳಗೆ ಉಳಿದದ್ದೆಲ್ಲ ಸತ್ತಂತೆ.
ಸತ್ತ ಮಸೂದೆಗೆ ಸೂತಕವಿಲ್ಲ.

ಚಳಿ ಹತ್ತುವಾಗ ಮತ್ತೆ ಹುಟ್ಟಿತು, ಸಂಖ್ಯೆ ಇಪ್ಪತ್ತೊಂಬತ್ತು,
‘ಬಹುದು’ವನ್ನು ಮಚ್ಚೆಯ ಹಾಗೆ ಹೊತ್ತುಕೊಂಡೇ.
ಈ ಸಲ ಸಮಿತಿಗೆ ಸ್ಟೇನ್‌ವೋರ್ ಬಂದಳು,
ಪಶ್ಚಿಮದ ಫ್ಯೋರ್ಡಿನಿಂದ, ಏಳು ತಾಸು ಬಸ್ಸಿನಲ್ಲಿ,
ಮೀನು ಸೀಳುವ ಕಾರ್ಖಾನೆಗೆ ರಜೆ ಹಾಕಿ.
ಗಂಡನ ಮಾತೆತ್ತಲಿಲ್ಲ. ಚೀಲದಿಂದ
ಕಿತ್ತಳೆ ಬಣ್ಣದ ಉಡುಪು ತೆಗೆದು ಮೇಜಿನ ಮೇಲಿಟ್ಟು,
ಕೈಗಡಿಯಾರ ಬಿಚ್ಚಿ ಅದರ ಪಕ್ಕಕ್ಕಿಟ್ಟು,
‘ಯಾರಾದರೂ ತೊಡಿ’ ಅಂದಳು.

ಬಹಳ ಹೊತ್ತು ಯಾರೂ ಏಳಲಿಲ್ಲ.
ಆಮೇಲೆ ಅಧ್ಯಕ್ಷ ಥೋರ್ಗ್ನೀರ್, ದಪ್ಪ ಮನುಷ್ಯ, ಮಾಲೀಕರ ಕಡೆಯವರು,
ಬೂಟು ಕಳಚಿ ಒಂದು ಕಾಲು ತೂರಿಸಿದರು, ಕುಂಟಿದರು,
ಜಿಪ್ಪು ಗಡ್ಡಕ್ಕೆ ಸಿಕ್ಕಿತು. ಯಾರೋ ನಕ್ಕು, ನಿಲ್ಲಿಸಿದರು.
‘ಮೂರು ನಿಮಿಷ ನಲವತ್ತು ಸೆಕೆಂಡು.
ಕ್ರಿಯಾ ಮಗುಚಿದ್ದು ಎರಡು ನಿಮಿಷದಲ್ಲಿ.
ನೀವಿನ್ನೂ ಬೀಗ ತೆಗೆದಿಲ್ಲ.’

ಇದು ನಾನು ಕಂಡದ್ದಲ್ಲ. ನಡಾವಳಿಯಲ್ಲಿ ಒಂದೇ ವಾಕ್ಯ:
‘ಆಹ್ವಾನಿತರು ವಿವರಣೆ ನೀಡಿದರು.’
ಉಳಿದದ್ದು ಕಾಫಿ ಕೊಡುವ ಹಾಲ್‌ಬೆರಾ ಹೇಳಿದ್ದು.
ಮರುದಿನ ಬಂದ ಹಾಳೆಯಲ್ಲಿ
ಪದಕ್ಕೆ ಮತ್ತೆ ಎಲುಬು ಬಂದಿತ್ತು.

ಮೂರನೆಯ ವಾಚನ. ಫಲಕದಲ್ಲಿ ಹಸಿರು ಮೂವತ್ತೇಳು,
ಕೆಂಪು ಹತ್ತೊಂಬತ್ತು, ಹಳದಿ ನಾಲ್ಕು; ಮೂವರು ಊರಲ್ಲಿರಲಿಲ್ಲ.
ಗಂಟೆ. ಮುಂದಿನ ವಿಷಯ: ಜೇನಿನ ಆಮದು ಸುಂಕ.
ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವಂತಿಲ್ಲ,
ತಟ್ಟಬೇಕಾದವಳು ಬಂದಿರಲೂ ಇಲ್ಲ, ಅಂದು ಅವಳ ಪಾಳಿ.

ರಾಷ್ಟ್ರಾಧ್ಯಕ್ಷರ ಸಹಿ ಬಿತ್ತು. ಗೆಜೆಟ್ಟಿಗೆ ಹೋಗುವ ಮುನ್ನ
ಕೊನೆಯ ಸಲ ಗಟ್ಟಿಯಾಗಿ ಓದುವುದು ನಮ್ಮ ಕೋಣೆಯ ರೂಢಿ,
ಒಬ್ಬರು ಓದಿದರೆ ಒಬ್ಬರು ಕಣ್ಣಾಡಿಸುವುದು.
ಆ ಪದದ ಮುಂದೆ ವಿರಾಮಚಿಹ್ನೆ ಇರಲಿಲ್ಲ.
ಆದರೂ ನಿಂತೆ.

ಫೆಬ್ರವರಿಯಲ್ಲಿ ಆ ಫ್ಯೋರ್ಡಿಗೆ ಹೋಗಿದ್ದೆ, ಬೇರೆ ಕೆಲಸಕ್ಕೆ.
ಧಕ್ಕೆಯಲ್ಲಿ ಹುಡುಗನೊಬ್ಬ ದೋಣಿಯ ಅಟ್ಟದ ಮೇಲೆ
ಹೊಸ ಕೊಕ್ಕೆಗಳಿಗೆ ಕಿತ್ತಳೆ ಉಡುಪು ನೇತುಹಾಕುತ್ತಿದ್ದ,
ಒಂದು, ಎರಡು, ಮೂರು, ನಾಲ್ಕು;
ಓಡಾಡಲು ಜಾಗವಿಲ್ಲ, ಹೆಜ್ಜೆಗೊಂದು ತಲೆಗೆ ತಾಗುತ್ತವೆ,
ಯಾವ ಪುಣ್ಯಾತ್ಮ ತಂದನೋ ಈ ಕಾನೂನು,
ಎಂದು ಗೊಣಗಿದ.

ನಾನು ಎರಡು ಮೀನು ಕೊಂಡು, ಚಿಲ್ಲರೆ ಎಣಿಸಿಕೊಂಡೆ.